ರೆಟ್ರೋ ಬಟ್ಟೆ ಅಂಗಡಿಗೆ ಹೋಗ್ತೀರಾ? ಒಂದ್ಸಲ ಒಳಗಿನ ಹೊಲಿಗೆ ತಿರುಗಿಸಿ ನೋಡಿ

ಬಸವನಗುಡಿ, ಜಯನಗರ ಕಡೆ ಈಗ ರೆಟ್ರೋ, ವಿಂಟೇಜ್ ಅಂತ ಬೋರ್ಡ್ ಹಾಕ್ಕೊಂಡಿರೋ ಬಟ್ಟೆ ಅಂಗಡಿಗಳು ಸುಮಾರಾಗಿವೆ, ಅದರಲ್ಲಿ ಒಂದರ ರಿವ್ಯೂ ಇದು. ಹೆಸರು ಹಾಕ್ತಿಲ್ಲ, ಯಾಕಂದ್ರೆ ಹೊಗಳೋದೂ ಇದೆ ಬೈಯೋದೂ ಇದೆ, ಮತ್ತೆ ನಾನು ಹೇಳೋದು ಹೆಚ್ಚುಕಮ್ಮಿ ಇಂಥ ಎಲ್ಲಾ ಅಂಗಡಿಗೂ ಹೊಂದುತ್ತೆ. ಮೊದಲೇ ಹೇಳ್ಬಿಡ್ತೀನಿ, ಇದು ಸೆಕೆಂಡ್ ಹ್ಯಾಂಡ್ ಬಟ್ಟೆ ಅಂಗಡಿ ಅಲ್ಲ. ಬಟ್ಟೆ ಎಲ್ಲಾ ಹೊಸದೇ, ಕಟ್ಟಿಂಗ್ ಮಾತ್ರ ಕಲ್ಪನಾ, ಭಾರತಿ, ಆರತಿ ಕಾಲದ್ದು ಅನ್ನೋ ಥರ. ಪಫ್ ತೋಳಿನ ಬ್ಲೌಸು, ದೊಡ್ಡ ಕಾಲರ್ ಶರ್ಟು, ಪೋಲ್ಕಾ ಚುಕ್ಕೆ ಫ್ರಾಕು, ಸೊಂಟದ ಮೇಲೆ ಏರೋ ಬೆಲ್‌ಬಾಟಮ್ಮು, ಜೊತೆಗೆ ನಮ್ಮ ಕಡೆ ಖಣ, ಇಳಕಲ್ ಬಟ್ಟೇಲಿ ಹೊಲಿದ ಡ್ರೆಸ್ಸು ಕುರ್ತಾಗಳು. ಅಂಗಡಿ ಇರೋದು ಒಂದು ಹಳೇ ಮನೇಲಿ, ರೆಡ್‌ಆಕ್ಸೈಡ್ ನೆಲ, ಗೂಡಲ್ಲಿ ಒಂದು ಕೆಟ್ಟುಹೋದ ರೇಡಿಯೋ, ಫೋಟೋ ತೆಗೆಯೋಕೆ ಅಂತಾನೇ ಇಟ್ಟಿರೋ ಬೆತ್ತದ ಕುರ್ಚಿ. ಆ ಕುರ್ಚೀಲಿ ಕೂತ್ಕೊಂಡು ಫೋಟೋ ತೆಗೆಸ್ಕೊಳ್ಳೋರ ಗಲಾಟೇಲಿ ಟ್ರಯಲ್ ರೂಮಿಗೆ ಹೋಗೋಕೆ ದಾರಿ ಸಿಗಲ್ಲ, ಶನಿವಾರ ಭಾನುವಾರ ಅಂತೂ ಹೋಗ್ಲೇಬೇಡಿ.

ಖಣದಿಂದ ಶುರು ಮಾಡ್ತೀನಿ, ಈ ಅಂಗಡಿಗೆ ಹೋಗೋಕೆ ಕಾರಣ ಇದೊಂದೇ ಅಂತ ನನಗನ್ಸುತ್ತೆ. ಬಾಗಲಕೋಟೆ ಜಿಲ್ಲೆ ಗುಳೇದಗುಡ್ಡದಲ್ಲಿ ನೇಯೋ ಖಣ ಇದ್ಯಲ್ಲ, ಉತ್ತರ ಕರ್ನಾಟಕದ ಕಡೆ ಕುಬಸಕ್ಕೆ ಅಂದ್ರೆ ರವಿಕೆಗೆ, ಉಡಿ ತುಂಬೋಕೆ ಅಂತ ತಲೆಮಾರಿಂದ ಬಳಸ್ಕೊಂಡು ಬಂದಿರೋ ಬಟ್ಟೆ, ಅದೇ ಈಗ ಫ್ರಾಕು ಜಾಕೆಟ್ಟು ಬ್ಯಾಗು ಎಲ್ಲಾ ಆಗಿದೆ. ಇವರ ಹತ್ರ ಒಂದು ರ‍್ಯಾಕ್ ಪೂರ್ತಿ ಅಸಲಿ ಖಣಾನೇ ಇದೆ. ನಾನು ತಗೊಂಡಿದ್ದು ಕಪ್ಪು-ಕೆಂಪಿಂದು, ತೇರಿನ ಬುಟ್ಟಾ ಇರೋ ಕುರ್ತಾ, 2,400 ರೂಪಾಯಿ. ಒಳಭಾಗ ತಿರುಗಿಸಿದ್ರೆ ಬುಟ್ಟಾ ಬುಟ್ಟಾ ಮಧ್ಯೆ ಹಾಸಿನ (ಅಂದ್ರೆ ಮಗ್ಗದಲ್ಲಿ ಉದ್ದುದ್ದ ಕಟ್ಟಿರೋ ದಾರಗಳ) ಉದ್ದಕ್ಕೆ ದಾರ ಸಡಿಲವಾಗಿ ಹಾದುಹೋಗಿರೋದು ಕಾಣುತ್ತೆ, ಯಾಕಂದ್ರೆ ಖಣದಲ್ಲಿ ಡಿಸೈನ್ ಬರೋದು ಹಾಸಿನಲ್ಲೇ ಜಾಸ್ತಿ ದಾರ ಸೇರಿಸಿ ಡಾಬಿಯಿಂದ (ಡಿಸೈನಿಗೆ ಬೇಕಾದ ದಾರಗಳನ್ನ ಎತ್ತೋ ಮಗ್ಗದ ಸಾಧನ) ಅದನ್ನ ಎತ್ತಿ ಇಳಿಸಿ, ಡಿಸೈನ್ ಬೇಡದ ಜಾಗದಲ್ಲಿ ಆ ದಾರ ಹಿಂದಕ್ಕೆ ಹೋಗಿ ಕೂತಿರುತ್ತೆ. ಪ್ರಿಂಟ್ ಹಾಕಿದ್ದಾದ್ರೆ ಹಿಂದೆ ಅದೇ ಚಿತ್ರ ಮಬ್ಬಾಗಿ ಕಾಣುತ್ತೆ ಅಷ್ಟೇ, ದಾರಗೀರ ಏನೂ ಇರಲ್ಲ. ಇನ್ನೊಂದು ಗುರುತು ಪನ್ನ, ಅಂದ್ರೆ ಬಟ್ಟೆಯ ಅಗಲ. ಕುಬಸಕ್ಕೆ ಅಂತ ನೇಯೋ ಖಣದ ಪನ್ನ ಚಿಕ್ಕದು, ಹಂಗಾಗಿ ಅದರಲ್ಲಿ ಘೇರಿನ ಡ್ರೆಸ್ ಮಾಡ್ಬೇಕಂದ್ರೆ ಜಾಯಿಂಟ್ ಕೊಡ್ಲೇಬೇಕು. ಈಗ ಸೀರೆಗೆ ಅಂತ ದೊಡ್ಡ ಪನ್ನದಲ್ಲೂ ನೇಯ್ತಾರೆ, ಆದ್ರೂ ಕಡಿಮೆ ರೇಟಿನ ಡ್ರೆಸ್ಸಲ್ಲಿ ಮೂರು ಮೊಳದಗಲ ಘೇರು ಒಂದೂ ಜಾಯಿಂಟಿಲ್ದೆ ಹರಡ್ಕೊಂಡಿದ್ರೆ ಅದು ಪವರ್‌ಲೂಮ್ ಪಾಲಿಯೆಸ್ಟರ್ ಇರೋ ಚಾನ್ಸೇ ಜಾಸ್ತಿ. ನನ್ನ ಕುರ್ತಾದಲ್ಲಿ ಎರಡೂ ಪಕ್ಕ ಪ್ಯಾನಲ್ ಜೋಡಿಸಿದಾರೆ, ಜೋಡಿಸಿದ ಕಡೆ ಬುಟ್ಟಾ ಸಾಲು ಸಾಲಿಗೆ ಸರಿಯಾಗಿ ಕೂರಿಸಿದಾರೆ, ಈ ಕೆಲಸ ಮಾಡಿದ ಟೈಲರ್‌ಗೆ ಪೂರ್ತಿ ಮಾರ್ಕ್ಸ್.

ಆದ್ರೆ ಅದೇ ರ‍್ಯಾಕ್ ಪಕ್ಕದಲ್ಲಿ, ಅದೇ ಥರ ಟ್ಯಾಗ್ ನೇತಾಕಿ, ಖಣ ಅಂತಾನೇ ಬರೆದು ಪಾಲಿಯೆಸ್ಟರ್ ಜಾಕೆಟ್ಟೂ ಮಾರ್ತಾರೆ. ನಮ್ಮತ್ತೆ ಬಾಗಲಕೋಟೆ ಕಡೆಯವರು, ಜೊತೇಲಿದ್ರು, ಆ ಜಾಕೆಟ್ಟಿನ ಅಂಚನ್ನ ಎರಡು ಬೆರಳಲ್ಲಿ ಉಜ್ಜಿ ನೋಡಿ, ‘ಇದು ಖಣ ಅಲ್ಲವ್ವಾ, ಕುರ್ಚಿಗೆ ಹಾಕೂ ಬಟ್ಟಿ’ ಅಂದ್ಬಿಟ್ರು, ಅಂಗಡಿ ಹುಡುಗಿ ನಗೋದೋ ಬಿಡೋದೋ ಗೊತ್ತಾಗ್ದೆ ನಿಂತ್ಲು. ಅತ್ತೆ ಥರ ಬೆರಳಲ್ಲೇ ಗುರುತು ಹಿಡಿಯೋದು ನಮ್ಮಂಥವರಿಗೆ ಬರಲ್ಲ, ಅದಕ್ಕೆ ಮನೇಲಿ ಮಾಡೋ ಟೆಸ್ಟ್ ಇದೆ. ಒಳಗಿನ ಹೊಲಿಗೆ ಅಂಚಿಂದ ಒಂದೆರಡು ದಾರ ಕಿತ್ತು, ಇಕ್ಕಳದಲ್ಲಿ ಹಿಡ್ಕೊಂಡು ಸಿಂಕ್ ಮೇಲೆ ಬೆಂಕಿಕಡ್ಡಿ ತೋರ್ಸಿ. ಹತ್ತಿ ಆದ್ರೆ ಪೇಪರ್ ಸುಟ್ಟ ವಾಸನೆ ಬಂದು ಮೆತ್ತಗಿನ ಬೂದಿ ಆಗುತ್ತೆ, ರೇಷ್ಮೆ ಆದ್ರೆ ಕೂದ್ಲು ಸುಟ್ಟ ವಾಸನೆ, ಪಾಲಿಯೆಸ್ಟರ್ ಆದ್ರೆ ಕರಗಿ ಗಟ್ಟಿ ಗುಂಡಾಗಿ ಬಿಡುತ್ತೆ. ಅಂಗಡೀಲಿ ಇದನ್ನ ಮಾಡೋಕಾಗಲ್ಲ ನಿಜ, ಅದಕ್ಕೇ ಬಿಲ್ ಮೇಲೆ ಬಟ್ಟೆ ಯಾವುದು ಅಂತ ಬರೆಸ್ಕೊಳ್ಳಿ. ಪಾಲಿಯೆಸ್ಟರ್ ಮಾರೋದು ತಪ್ಪು ಅಂತಲ್ಲ, ಒಗೆಯೋಕೆ ಸುಲಭ, ಬಣ್ಣ ಬಿಡಲ್ಲ, ಬೇಕಾದೋರು ತಗೊಳ್ಲಿ. ಆದ್ರೆ ಎರಡಕ್ಕೂ ಒಂದೇ ಹೆಸರು, ಹತ್ತಿರ ಹತ್ತಿರ ಒಂದೇ ರೇಟು ಇಟ್ಬಿಟ್ರೆ ಗುಳೇದಗುಡ್ಡದಲ್ಲಿ ಮಗ್ಗದ ಮುಂದೆ ಕೂತಿರೋರಿಗೆ ಏನು ಸಿಕ್ಕಂಗಾಯ್ತು?

ಇಳಕಲ್ ಸೀರೆಯಿಂದ ಮಾಡಿದ ಡ್ರೆಸ್ಸುಗಳು ನೋಡೋಕೆ ಭರ್ಜರಿ. ಕೆಂಪು ಸೆರಗಿನ ಮೇಲೆ ಬಿಳೀ ತೋಪು ತೆನೆ ಅನ್ನೋ ಡಿಸೈನ್ ಇರೋ ಭಾಗಾನ ಎದೆಗೆ ಅಥವಾ ತೋಳಿಗೆ ಬರೋ ಹಂಗೆ ಕತ್ತರಿಸಿದಾರೆ, ಚಿಕ್ಕಿ ದಡಿ, ಅಂದ್ರೆ ಸೀರೆ ಅಂಚು, ಕೆಳಗೆ ಬಂದಿದೆ, ಒಂದು ನೀಲಿ ಡ್ರೆಸ್ ಅಂತೂ ಕೈಯಿಂದ ಬಿಡೋಕೇ ಮನಸ್ಸಾಗ್ಲಿಲ್ಲ. ಆದ್ರೂ ತಗೊಳ್ಲಿಲ್ಲ. ಇಳಕಲ್ ಸೀರೇಲಿ ಮೈಯ ಹಾಸು ಬೇರೆ, ಸೆರಗಿನ ಹಾಸು ಬೇರೆ, ಎರಡರ ಎಳೆಗಳನ್ನ ಕೊಂಡಿ ಹಾಕಿ ಜೋಡಿಸಿ ನೇಯ್ತಾರೆ, ಅದೇ ಈ ಸೀರೆಯ ಜೀವ. ಈ ಡ್ರೆಸ್ಸಲ್ಲಿ ಕೊಂಡಿ ಇರೋ ಗೆರೆ ಸರಿಯಾಗಿ ಕಂಕುಳ ಹತ್ರ ಬಂದಿದೆ, ಅಂದ್ರೆ ದಿನಾ ಎಳೆದಾಟ ಬೀಳೋ, ಬೆವರು ಕೂರೋ ಜಾಗಕ್ಕೆ. ಅದೂ ಲೈನಿಂಗ್ ಇಲ್ದೆ. ಸೀರೇಲಿ ಆ ಜಾಗದ ಮೇಲೆ ಅಷ್ಟು ಒತ್ತಡ ಬೀಳಲ್ಲ, ಡ್ರೆಸ್ಸಲ್ಲಿ ಬೀಳುತ್ತೆ. ಡಿಸೈನ್ ಮಾಡಿದೋರು ಸೀರೆ ನೋಡಿದಾರೆ, ಆದ್ರೆ ಉಟ್ಟು ಗೊತ್ತಿಲ್ಲವೇನೋ ಅನ್ನಿಸ್ತು. ಇನ್ನು ಒಳ್ಳೇ ಸೀರೇನ ಕತ್ತರಿಸೋದು ಸರೀನಾ ಅನ್ನೋ ಜಗಳ ಬೇರೆ ಇದೆ, ಅದನ್ನ ನಮ್ಮನೇಲಿ ಆಗ್ಲೇ ಆಡಿ ಮುಗಿಸಿದೀವಿ, ಇಲ್ಲಿ ಬೇಡ.

ಈಗ ಮುಖ್ಯ ವಿಷಯಕ್ಕೆ ಬರ್ತೀನಿ. ಪಫ್ ತೋಳಿನ ಬ್ಲೌಸ್, 1,650 ರೂಪಾಯಿ, ರೆಡಿಮೇಡ್, ಬೋಟ್ ನೆಕ್, ಹಿಂದೆ ಬಟ್ಟೆಯಿಂದಾನೇ ಮಾಡಿದ ಗುಂಡಿ. ಹ್ಯಾಂಗರ್ ಮೇಲೆ ನೋಡಿದ್ರೆ ಹಳೇ ಬ್ಲ್ಯಾಕ್ ಆಂಡ್ ವೈಟ್ ಫೋಟೋದಿಂದ ಎದ್ದು ಬಂದಂಗಿದೆ. ತೋಳಿನ ನೆರಿಗೆ ಸಮ ಇದೆ, ಪಫ್ ನಿಲ್ಲೋಕೆ ಒಳಗೆ ಒಂದು ಪಟ್ಟಿ ನೆಟ್ ಬಟ್ಟೆ ಕೊಟ್ಟಿದಾರೆ, ಇದು ಜಾಣತನ. ಆದ್ರೆ ಒಳಗೆ ತಿರುಗಿಸಿದ್ರೆ ಪಕ್ಕದ ಹೊಲಿಗೇಲಿ ಅರ್ಧ ಇಂಚೂ ಬಟ್ಟೆ ಬಿಟ್ಟಿಲ್ಲ, ಕತ್ತರಿಸಿ ಸೀದಾ ಓವರ್‌ಲಾಕ್ ಹೊಡೆದು ಮುಗ್ಸಿದಾರೆ. ನಮ್ಮಮ್ಮಂದಿರ ಕಾಲದ ಯಾವ್ದಾದ್ರೂ ಬ್ಲೌಸ್ ಬೀರುವಿಂದ ತೆಗೆದು ನೋಡಿ, ಪಕ್ಕದಲ್ಲಿ ಎರಡು ಮೂರು ಸಾಲು ಹೊಲಿಗೆ ಇರುತ್ತೆ, ಒಳಗೆ ಧಾರಾಳವಾಗಿ ಬಟ್ಟೆ ಬಿಟ್ಟಿರ್ತಾರೆ, ದಪ್ಪ ಆದ್ರೆ ಒಂದು ಹೊಲಿಗೆ ಬಿಚ್ಚೋದು, ಸಣ್ಣ ಆದ್ರೆ ಮತ್ತೆ ಹಾಕೋದು, ಹೆರಿಗೆ ಆದ್ಮೇಲೂ ಅದೇ ಬ್ಲೌಸ್, ಕೊನೆಗೆ ಮಗಳಿಗೂ ಅದೇ. ಹಳೇ ಕಾಲದ ಬಟ್ಟೆ ಅಂದ್ರೆ ನನಗೆ ಅದು, ಪಫ್ ಅಲ್ಲ. ಪಫ್ ಯಾರು ಬೇಕಾದ್ರೂ ಹೊಲೀತಾರೆ. ಈ ಬ್ಲೌಸ್ ತಗೊಂಡು ಎರಡು ಕೆಜಿ ಏರಿದ್ರೆ ಅಲ್ಲಿಗೆ ಅದರ ಕಥೆ ಮುಗೀತು, ಯಾವ ಟೈಲರ್ ಹತ್ರ ಹೋದ್ರೂ ‘ಒಳಗೆ ಬಟ್ಟೆ ಎಲ್ಲಿದೆ ಮೇಡಂ’ ಅಂತಾರೆ.

ಇದನ್ನೇ ಕೌಂಟರ್‌ನಲ್ಲಿ ಕೇಳ್ದೆ. ಮಾರ್ಜಿನ್ ಬಿಟ್ರೆ ಫಿಟಿಂಗ್ ಸ್ಮೂತಾಗಿ ಕೂರಲ್ಲ, ಒಳಗೆ ದಪ್ಪ ದಪ್ಪ ಆಗುತ್ತೆ ಅಂದ್ರು. ಕಂಪ್ಲೀಟ್ ಸುಳ್ಳು ಅಲ್ಲ, ಸಿಂಥೆಟಿಕ್ ಬಟ್ಟೇಲಿ ಸ್ವಲ್ಪ ಉಬ್ಬುತ್ತೆ, ಆದ್ರೆ ಕಾಟನ್ ಬ್ಲೌಸಲ್ಲಿ ಇಸ್ತ್ರಿ ಹೊಡೆದು ಕೂರಿಸಿದ್ರೆ ಗೊತ್ತೇ ಆಗಲ್ಲ. ಒಂದು ಒಳ್ಳೇದು ಏನಂದ್ರೆ ಮೊದಲೇ ಅಳತೆ ಕೊಟ್ಟು ಆರ್ಡರ್ ಹಾಕಿದ್ರೆ, ಮಾರ್ಜಿನ್ ಬಿಡಿ ಅಂತ ಹೇಳಿದ್ರೆ, ಬಿಡ್ತಾರೆ. ನನ್ನ ತಂಗಿ ಹಂಗೇ ಮಾಡ್ಸಿದ್ಲು, ಮುನ್ನೂರು ರೂಪಾಯಿ ಜಾಸ್ತಿ ತಗೊಂಡ್ರು, ಹೇಳಿದ ಟೈಮಿಗಿಂತ ತಡವಾಗಿ ಕೊಟ್ರು, ಆದ್ರೆ ಬ್ಲೌಸ್ ಸೂಪರಾಗಿ ಬಂದಿದೆ, ಡಾಟ್ ಎಲ್ಲಾ ಕರೆಕ್ಟ್ ಜಾಗಕ್ಕೆ ಕೂತಿದೆ, ತೋಳು ಎತ್ತಿದ್ರೂ ಮೇಲಕ್ಕೆ ಜಗ್ಗಲ್ಲ. ಹಂಗಾಗಿ ಇಲ್ಲಿ ರೆಡಿಮೇಡ್ ಬ್ಲೌಸ್ ಬೇಡ, ಹೊಲಿಸ್ಕೊಳ್ಳಿ.

ಪೋಲ್ಕಾ ಫ್ರಾಕು ಬೆಲ್‌ಬಾಟಮ್ಮು ಎರಡರ ಬಗ್ಗೆ ಜಾಸ್ತಿ ಹೇಳೋದೇನಿಲ್ಲ. ಫ್ರಾಕಿಗೆ ಜೇಬಿದೆ, ಅದೂ ಫೋನ್ ಪೂರ್ತಿ ಹಿಡಿಯೋ ಜೇಬು, ಖುಷಿ ಆಯ್ತು. ಬೆಲ್‌ಬಾಟಮ್ ನಮ್ಮ ರೋಡುಗಳಿಗೆ ಆಗಿಬರೋದಲ್ಲ, ಮಳೆಗಾಲದಲ್ಲಿ ಹಾಕ್ಕೊಂಡ್ರೆ ಅರ್ಧ ಗಾಂಧಿಬಜಾರ್ ಗುಡಿಸ್ಕೊಂಡು ಬರ್ತೀರ.

ಗಂಡಸರಿಗೆ ಅಂತ ಇರೋದು ದೊಡ್ಡ ಕಾಲರ್ ಶರ್ಟು ಮತ್ತೆ ವಾಚು. ವಾಚ್ ಮುಂದೆ ನಮ್ಮೆಜಮಾನ್ರು ಅಂಟ್ಕೊಂಡು ನಿಂತಿದ್ದಕ್ಕೆ ಇಷ್ಟುದ್ದ ಬರೀಬೇಕಾಗಿದೆ. ಗಾಜಿನ ಪೆಟ್ಟಿಗೇಲಿ ಕೀ ಕೊಡೋ ಎಚ್‌ಎಂಟಿ ವಾಚುಗಳು, ರೀಸ್ಟೋರ್ಡ್ ಅಂತ ಬೋರ್ಡು, 2,800ರಿಂದ ಶುರು. ಎಚ್‌ಎಂಟಿ ಅಂದ್ರೆ ಬೆಂಗಳೂರೋರಿಗೆ ಮನೆಯ ವಿಷಯಾನೇ, 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿ ಜೊತೆ ಸೇರ್ಕೊಂಡು ಇಲ್ಲೇ ಜಾಲಹಳ್ಳಿ ಕಡೆ ವಾಚ್ ಮಾಡೋಕೆ ಶುರು ಮಾಡಿದ್ದು, 2016ರಲ್ಲಿ ಸರ್ಕಾರ ವಾಚ್ ಕಂಪನಿ ಮುಚ್ಚೋಕೆ ತೀರ್ಮಾನ ಮಾಡ್ತು. ಜನತಾ, ಪೈಲಟ್, ಕೊಹಿನೂರ್ ಹೆಸರು ಕೇಳದ ಮನೆ ಇಲ್ಲ, ಎಸ್ಸೆಸ್ಸೆಲ್ಸಿ ಪಾಸಾದ್ರೆ ಒಂದು, ಮದುವೆಗೆ ಒಂದು, ರಿಟೈರ್ ಆದ್ರೆ ಒಂದು. ಅದಕ್ಕೇ ಈಗ ಅದರ ಹೆಸರಲ್ಲಿ ಆಟ ಆಡ್ತಾರೆ. ಈ ಪೆಟ್ಟಿಗೇಲಿ ಕಿತ್ತಳೆ ಡಯಲ್ಲಿನ ಪೈಲಟ್ ಇದೆ, ತಿಳಿಗುಲಾಬಿ ಬಣ್ಣದ ಜನತಾ ಇದೆ. ಹಳೇ ಮಷೀನಿಗೆ ಡಯಲ್ ಮಾತ್ರ ಹೊಸದಾಗಿ ಪೇಂಟ್ ಮಾಡಿ ಕೂರಿಸಿರೋದು ಅಂತ ಕಣ್ಣಿಗೇ ಗೊತ್ತಾಗುತ್ತೆ, ಅಕ್ಷರದ ಅಂಚು ಹರಡಿದೆ, ನಿಮಿಷದ ಗೆರೆಗಳು ಒಂದಕ್ಕೊಂದು ಸಮ ಇಲ್ಲ, ಮುಳ್ಳುಗಳಲ್ಲಿ ಒಂದರ ಬಣ್ಣ ಬೇರೆ. ಚೆನ್ನಾಗಿ ಕಾಣುತ್ತೆ, ಕೈಗೆ ಕಟ್ಕೊಂಡ್ರೆ ನಾಲ್ಕು ಜನ ಕೇಳ್ತಾರೆ, ಅದು ಬೇರೆ ಮಾತು. ಆದ್ರೆ ಹಳೇ ಒರಿಜಿನಲ್ ಪೀಸ್ ಅಂತ ಹೇಳಿ ಮಾರೋದು ಸರಿಯಲ್ಲ. ಹಿಂದಿನ ಮುಚ್ಚಳ ತೆಗೆದು ಮಷೀನ್ ತೋರ್ಸಿ ಅಂದ್ರೆ, ಟೂಲ್ ಇಲ್ಲ ಸರ್ ಅಂದ್ರು. ಟೂಲ್ ಇಲ್ದಿರೋರು ರೀಸ್ಟೋರ್ ಹೆಂಗೆ ಮಾಡಿದ್ರಿ ಅಂತ ಇವರು ಕೇಳೋಕೆ ಹೊರಟ್ರು, ನಾನೇ ಕೈ ಹಿಡಿದು ಎಳ್ಕೊಂಡು ಬಂದೆ. ನಿಮ್ಮನೆ ಬೀರುವಲ್ಲಿ ತಾತಂದು ಒಂದು ಬಿದ್ದಿರುತ್ತೆ ಹುಡುಕಿ, ಕೀ ಕೊಡೋ ವಾಚ್ ಗೊತ್ತಿರೋ ಹಳೇ ರಿಪೇರಿಯವರ ಹತ್ರ ಕ್ಲೀನ್ ಮಾಡ್ಸಿ ಎಣ್ಣೆ ಹಾಕ್ಸಿದ್ರೆ ಎಷ್ಟೋ ಸಲ ಓಡುತ್ತೆ.

ಒಡವೆ ಮೂಲೆ ಮಾತ್ರ ಭಾಳ ಇಷ್ಟ ಆಯ್ತು. ಎಲ್ಲಾ ಕಡೆ ಸಿಗೋ ಆಕ್ಸಿಡೈಸ್ಡ್ ಜುಮುಕಿ ಇಲ್ಲೂ ಇದೆ, ಅದನ್ನ ಬಿಡಿ, ಬುಗುಡಿ ಇದೆ, ಕಿವಿ ಮೇಲಿನ ಭಾಗಕ್ಕೆ ಹಾಕ್ಕೊಳ್ಳೋದು. ಮುಂಚೆ ಅಜ್ಜಿಯಂದಿರು ಅಲ್ಲಿ ಚುಚ್ಚಿಸ್ಕೊಂಡು ಹಾಕ್ಕೋತಿದ್ರು, ಇವರು ಒತ್ತಿ ಕೂರಿಸೋ ಥರ ಮಾಡ್ಸಿದಾರೆ, ಚುಚ್ಚಿಸ್ಕೊಳ್ಳೋದೇ ಬೇಡ. ಮುತ್ತಿನದು 350 ರೂಪಾಯಿ. ಮದುವೆ ಊಟ ಮುಗಿಯೋವರೆಗೂ ಬೀಳ್ಲಿಲ್ಲ, ನೋವೂ ಬರ್ಲಿಲ್ಲ, ಹೆಲ್ಮೆಟ್ ಹಾಕುವಾಗ ಮಾತ್ರ ತೆಗೆದಿಡಿ. ಗುಂಡಗಿನ ಬೆಂಡೋಲೆನೂ ಇದೆ, ಕಲ್ಲು ನೀಟಾಗಿ ಕೂರಿಸಿದಾರೆ, ಹಿಂದಿನ ತಿರುಪು ಸ್ವಲ್ಪ ಬಿಗಿ. ಟಿಕ್ ಅಂತ ಮುಚ್ಚೋ ಬಾಯಿಯ ಪರ್ಸುಗಳಲ್ಲಿ ಖಣದ್ದು ತಗೊಳ್ಳಿ, ಲೆದರ್ ಥರ ಕಾಣೋ ರೆಕ್ಸಿನ್‌ದು ಬೇಡ, ಶೋಕೇಸಲ್ಲಿರೋ ಪೀಸೇ ಮಡಿಕೇಲಿ ಸಿಪ್ಪೆ ಏಳೋಕೆ ಶುರು ಮಾಡಿದೆ.

ಒಗೆಯೋ ವಿಷಯ ಒಂದು ಹೇಳ್ಬಿಡ್ತೀನಿ, ಅಂಗಡಿಯವರು ಹೇಳಲ್ಲ. ಖಣದ ಕುರ್ತಾ ಮೊದಲ ಸಲ ಬೇರೆ ಬಟ್ಟೆ ಜೊತೆ ಸೇರಿಸ್ದೆ ತಣ್ಣೀರಲ್ಲಿ ಒಗೀರಿ, ಕೆಂಪು ಬಿಡುತ್ತೆ, ನಂದು ಬಕೆಟ್ ನೀರೆಲ್ಲಾ ಕುಂಕುಮ ಆಗೋಯ್ತು, ಎರಡನೇ ಸಲಕ್ಕೆ ಕಡಿಮೆ ಆಯ್ತು. ತಿರುಗಿಸಿ ನೆರಳಲ್ಲಿ ಒಣಗಿಸಿ. ವಾಷಿಂಗ್ ಮಷೀನಿಗೆ ಹಾಕ್ಬೇಡಿ, ಹಿಂದೆ ಸಡಿಲ ದಾರ ಇರುತ್ತೆ ಅಂದೆನಲ್ಲ, ಅದು ಬೇರೆ ಬಟ್ಟೆಯ ಹುಕ್ಕಿಗೆ ಸಿಕ್ಕಿ ಕಿತ್ಕೊಂಡ್ರೆ ಬುಟ್ಟಾನೇ ಹೋಯ್ತು. ಉಂಗುರ, ಬಳೆ ಹಾಕ್ಕೊಳ್ಳೋರಿಗೆ ತೋಳೊಳಗೆ ಕೈ ತೂರಿಸುವಾಗಲೂ ಇದೇ ಕಾಟ, ತೋಳಿಗಾದ್ರೂ ಲೈನಿಂಗ್ ಕೊಟ್ಟಿದ್ರೆ ಚೆನ್ನಾಗಿರ್ತಿತ್ತು. ನಾನು ಆಮೇಲೆ ನಮ್ಮ ಟೈಲರ್ ಹತ್ರ ಮಲ್ ಬಟ್ಟೆ ಲೈನಿಂಗ್ ಹಾಕಿಸ್ದೆ.

ಸ್ವಲ್ಪ ಓಡಾಡೋಕೆ ರೆಡಿ ಇದ್ರೆ ಕಡಿಮೇಲೂ ಆಗುತ್ತೆ. ಸರ್ಕಾರಿ ಪ್ರಿಯದರ್ಶಿನಿ ಕೈಮಗ್ಗ ಮಳಿಗೆ ಇಲ್ಲಾ ಚಿಕ್ಕಪೇಟೆ ಕಡೆ ಹುಡುಕಿ ಕೈಮಗ್ಗದ ಬಟ್ಟೇನೇ ತಗೊಂಡು, ಒಳ್ಳೇ ಟೈಲರ್ ಕೈಲಿ ಕೊಟ್ರೆ ಫಿಟಿಂಗೂ ನಿಮ್ದೇ, ಮಾರ್ಜಿನ್ನೂ ನಿಮ್ದೇ. ಪುರುಸೊತ್ತಿಲ್ಲ ಅನ್ನೋರು ಇಲ್ಲಿಗೇ ಬನ್ನಿ, ವಾರದ ಮಧ್ಯೆ, ಬೆಳಗ್ಗೆ. ಅಂಗಡಿ ಮುಂದೆ ಗಾಡಿ ನಿಲ್ಸೋಕೆ ಜಾಗ ಇಲ್ಲ, ಮೆಟ್ರೋದಲ್ಲಿ ಬಂದು ನಡೆಯೋದೇ ವಾಸಿ. ದುಡ್ಡು ವಾಪಸ್ ಕೊಡಲ್ಲ, ಎಕ್ಸ್‌ಚೇಂಜ್ ಮಾತ್ರ, ಅದೂ ಏಳು ದಿನದೊಳಗೆ, ಟ್ಯಾಗ್ ಕಿತ್ತಿರಬಾರ್ದು. ಒಡವೆಗೆ ಅದೂ ಇಲ್ಲ, ಬುಗುಡಿ ಅಲ್ಲೇ ಕನ್ನಡಿ ಮುಂದೆ ಹಾಕ್ಕೊಂಡು ನಾಲ್ಕು ಸಲ ತಲೆ ಆಡ್ಸಿ ನೋಡಿ ಆಮೇಲೆ ಬಿಲ್ ಹಾಕ್ಸಿ.