ಪ್ರೊಜೆಕ್ಟರ್ ಮೋಟಾರ್ ಸುಟ್ಟರೆ: ರೀವೈಂಡಿಂಗಾ, ಹೊಸದಾ, ಹೊಲಿಗೆ ಮಿಷನ್ನಿನದ್ದಾ?

35 ಎಂಎಂ ಪ್ರೊಜೆಕ್ಟರಿಗೆ ನನ್ನ ಓಟು ಹೊಸ ಕಾಲು ಎಚ್‌ಪಿ, ನಾಲ್ಕು ಪೋಲಿನ (ಕಾಂತಧ್ರುವದ) ಸಿಂಗಲ್ ಫೇಸ್ ಇಂಡಕ್ಷನ್ ಮೋಟಾರಿಗೇ. ಉಳಿದವನ್ನೂ ಕೂರಿಸಿ, ಓಡಿಸಿ ನೋಡಿದ ಮೇಲಿನ ಮಾತಿದು.

ಅಂಗಡಿಗೆ ಹೋಗುವ ಮುಂಚೆ ಒಂದು ಕೆಲಸ. ಮೋಟಾರ್ ಗುಂಯ್ ಅಂದು ನಿಂತಲ್ಲೇ ನಿಂತಿದ್ದರೆ ಬೆಲ್ಟ್ ಬಿಚ್ಚಿ, ಸ್ವಿಚ್ ಹಾಕಿ, ಪುಲ್ಲಿಯನ್ನು ಮರದ ಕಡ್ಡಿಯಿಂದ ತಳ್ಳಿ. ಓಡಲು ಶುರುವಾದರೆ ಕೆಪಾಸಿಟರೋ ಸ್ಟಾರ್ಟಿಂಗ್ ಕಾಯಿಲೋ ಹೋಗಿದೆ. ಅದೇ ಮೈಕ್ರೊಫ್ಯಾರಡಿನ 440 ವೋಲ್ಟ್ ಕೆಪಾಸಿಟರ್ ಹಾಕಿ ನೋಡಿ. ಎಷ್ಟೋ ಸಲ ಕಥೆ ಅಲ್ಲಿಗೇ ಮುಗಿಯುತ್ತದೆ.

ಹೊಲಿಗೆ ಮಿಷನ್ ಮೋಟಾರ್ ಅಗ್ಗ, ಆದರೆ ವೋಲ್ಟೇಜ್ ಇಳಿದಂತೆ ಅದರ ವೇಗವೂ ಇಳಿಯುತ್ತದೆ. ಮೂಡಿಗೆರೆ, ಬೇಲೂರು ಕಡೆ ಸಂಜೆ 180 ವೋಲ್ಟ್ ಬಂದರೆ ಹಾಡಿನ ಶ್ರುತಿಯೇ ಜಾರುತ್ತದೆ. ಜೊತೆಗೆ ಬ್ರಷ್ಷಿನ ಕಿಡಿ ಫಿಲ್ಮಿನ ದನಿ ಓದುವ ಸೌಂಡ್ ಹೆಡ್ಡಿನಲ್ಲಿ ಚರಚರ ಅನ್ನುತ್ತದೆ. ಇಂಡಕ್ಷನ್ ಮೋಟಾರ್ ನಂಬುವುದು ವೋಲ್ಟೇಜನ್ನಲ್ಲ, ಕರೆಂಟಿನ 50 ಹರ್ಟ್ಸನ್ನು (ಸೆಕೆಂಡಿಗೆ 50 ಆವರ್ತನ). 180 ವೋಲ್ಟಿನಲ್ಲಿ ಅದರ ಟಾರ್ಕ್ (ತಿರುಗಿಸುವ ಬಲ) ಶೇ. 60ರ ಆಸುಪಾಸಿಗೆ ಬೀಳುತ್ತದೆ ನಿಜ, ವೇಗ ಮಾತ್ರ ಹೆಚ್ಚು ಕದಲುವುದಿಲ್ಲ.

ತಲೆನೋವು ಇರುವುದು ಮೋಟಾರ್ ಪ್ಲೇಟಿನ ಮೇಲಿನ ವೇಗದ ಅಂಕಿಯಲ್ಲಿ. ಸೆಕೆಂಡಿಗೆ 24 ಫ್ರೇಮ್ ಅಂದರೆ ನಿಮಿಷಕ್ಕೆ 1440. ಫಿಲ್ಮನ್ನು ಒಂದೊಂದೇ ಫ್ರೇಮ್ ಎಳೆಯುವ ಮಾಲ್ಟೀಸ್ ಕ್ರಾಸನ್ನು ತಳ್ಳುವ ಕ್ಯಾಮ್ ಫ್ರೇಮಿಗೊಂದು ಸುತ್ತು ಹಾಕುತ್ತದೆ. ಮೋಟಾರ್ ಪ್ಲೇಟಿನ ಮೇಲೂ 1440 ಎಂದೇ ಇರುತ್ತದೆ. ಸರಿಹೋಯಿತು ಅಂತ ಎರಡೂ ಕಡೆ ಒಂದೇ ಅಳತೆಯ ಪುಲ್ಲಿ ಹಾಕಿದರೆ ಸಿನಿಮಾ ಓಡೋಡಿ ಹೋಗುತ್ತದೆ. ಪ್ಲೇಟಿನ 1440 ಪೂರ್ತಿ ಲೋಡಿನ ವೇಗ. ಎಣ್ಣೆ ಕಂಡ ಪ್ರೊಜೆಕ್ಟರ್ ಅಷ್ಟು ಲೋಡ್ ಕೊಡುವುದೇ ಇಲ್ಲ; ಮೋಟಾರ್ 1480ರ ಹತ್ತಿರ ಸುತ್ತುತ್ತದೆ, ಫ್ರೇಮ್ 24.7 ಆಗುತ್ತದೆ, ದನಿ ಅರ್ಧ ಸ್ವರದ ಅರ್ಧದಷ್ಟು ಏರುತ್ತದೆ. ‘ಇರಲಿ, ಗಟ್ಟಿಯದು’ ಅಂತ ಅರ್ಧ ಎಚ್‌ಪಿ ತಂದರೆ ಇನ್ನೂ ಜಾಸ್ತಿ.

ಮದ್ದು ಲೇತಿನಲ್ಲಿದೆ. ಕೈಯಳತೆಯ ಟ್ಯಾಕೋಮೀಟರ್ ಹಿಡಿದು ಕ್ಯಾಮ್ ಶಾಫ್ಟಿನ ವೇಗ ಓದಿ. ಬೆಲ್ಟ್, ಗೇರು ಬಿಸಿಯಾಗಲು ಕಾಲು ಗಂಟೆ ಓಡಿಸಿ ಮತ್ತೊಮ್ಮೆ ಓದಿ. 1480 ಬಂದರೆ ಮೋಟಾರ್ ಕಡೆಯ 80 ಮಿ.ಮೀ. ಪುಲ್ಲಿಯ, ಬೆಲ್ಟ್ ಕೂರುವ ತೋಡನ್ನು ಒಂದು ಮಿ.ಮೀ. ಆಳಕ್ಕೆ ಇಳಿಸಿ 78 ಮಾಡಿಸಿ. 1443ಕ್ಕೆ ಬಂದು ಕೂರುತ್ತದೆ, ಅಷ್ಟು ಸಾಕು. ಹಳೆಯ ಪುಲ್ಲಿಯ ತೂತು ಐದೆಂಟಾಂಶ ಇಂಚು, 71 ಫ್ರೇಮ್ (ಇದು ಮೋಟಾರ್ ಮೈಯ ಅಳತೆ, ಫಿಲ್ಮಿನದಲ್ಲ) ಮೋಟಾರಿನ ಶಾಫ್ಟ್ 14 ಮಿ.ಮೀ. ಇದ್ದರೆ ನಡುವೆ ಬುಷ್ (ತೆಳು ಕೊಳವೆ) ತುರುಕಬೇಡಿ. ಅದರ ಗೋಡೆ ಒಂದು ಮಿ.ಮೀ. ಕೂಡ ಬರುವುದಿಲ್ಲ, ಪುಲ್ಲಿಯನ್ನು ಶಾಫ್ಟಿಗೆ ಹಿಡಿಸುವ ಗ್ರಬ್ ಸ್ಕ್ರೂ ಬಿಗಿದ ಕೂಡಲೇ ಒಂದು ಕಡೆ ಒತ್ತಿಕೊಂಡು ಪುಲ್ಲಿ ಓಲಾಡುತ್ತದೆ. ಹೊಸ ಪುಲ್ಲಿಯನ್ನೇ ತಿರುಗಿಸಿಕೊಳ್ಳಿ.

ರೀವೈಂಡಿಂಗಿಗೆ, ಅಂದರೆ ಸುಟ್ಟ ತಂತಿ ಬಿಚ್ಚಿ ಹೊಸದು ಸುತ್ತಿಸುವುದಕ್ಕೆ, ಈ ರಗಳೆ ಇಲ್ಲ: ಅದೇ ಬೋಲ್ಟು, ಅದೇ ಪುಲ್ಲಿ, ಖರ್ಚೂ ಕಡಿಮೆ. ಆದರೆ ಕಾಫಿ ಕೊಯ್ಲಿನ ಕಾಲದಲ್ಲಿ ವೈಂಡಿಂಗ್ ಅಂಗಡಿ ತುಂಬ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಮೋಟಾರು, ಆಮೇಲೆ ತೋಟಕ್ಕೆ ನೀರು ಹಾಯಿಸುವ ಪಂಪು. ನಿಮ್ಮ ಪುಟ್ಟ ಮೋಟಾರ್ ಮೂಲೆಯಲ್ಲಿ ಕಾಯುತ್ತದೆ. ಕೊಡುವಾಗ ಪೋಲ್ ಎಷ್ಟು, ತಂತಿ ಯಾವ ಗೇಜು, ತಿರುಗುವುದು ಯಾವ ದಿಕ್ಕಿಗೆ ಎಂದು ಚೀಟಿ ಅಂಟಿಸಿ. ಉಲ್ಟಾ ತಿರುಗಿದರೆ ಸ್ಟಾರ್ಟಿಂಗ್ ಕಾಯಿಲಿನ ಎರಡು ತುದಿ ಅದಲುಬದಲು ಮಾಡಿದರಾಯಿತು. ಫಿಲ್ಮ್ ಹಾಕುವ ಮುಂಚೆ ನೋಡಿಕೊಳ್ಳಿ.

ರೆಗ್ಯುಲೇಟರ್ ಹಾಕಿದ ಡಿಸಿ ಮೋಟಾರ್: ಚಳಿಯ ಬೆಳಿಗ್ಗೆ ಎಣ್ಣೆ ಮಂದವಿರುವಾಗ ಒಂದು ವೇಗ, ಬಿಸಿಯಾದ ಮೇಲೆ ಇನ್ನೊಂದು. ಮೂಕಿ ಚಿತ್ರಕ್ಕೆ 16, 18 ಫ್ರೇಮ್ ಬೇಕಾದವರು ತ್ರೀ ಫೇಸ್ ಮೋಟಾರಿಗೆ ವಿಎಫ್‌ಡಿ (ಕರೆಂಟಿನ ಹರ್ಟ್ಸ್ ಬದಲಿಸುವ ಪೆಟ್ಟಿಗೆ) ಹಾಕಿ 33 ಅಥವಾ 37.5 ಹರ್ಟ್ಸಿಗೆ ಇಳಿಸುವುದೇ ವಾಸಿ. ನನ್ನ ಬಜೆಟ್ಟಿಗೆ ಅದು ಹೊರೆ.

ಜನರೇಟರಿನಲ್ಲಿ ಓಡಿಸುವುದಾದರೆ ಹರ್ಟ್ಸ್ ನೋಡಿ. 47ಕ್ಕೆ ಇಳಿದರೆ ಹೊಸ ಮೋಟಾರೂ ಅರ್ಧ ಸ್ವರ ಕೆಳಗೆ ಹಾಡುತ್ತದೆ. ಮಳೆಗಾಲ ಪೂರ್ತಿ ಸಕಲೇಶಪುರದಂಥ ಕಡೆ ಸುಮ್ಮನೆ ಕೂತಿದ್ದ ಮೋಟಾರಿಗೆ ಮೊದಲು 500 ವೋಲ್ಟಿನ ಮೆಗ್ಗರ್ (ಇನ್ಸುಲೇಷನ್ ಅಳೆಯುವ ಮೀಟರ್) ಹಿಡಿಯಿರಿ. ಒಂದು ಮೆಗಾಓಮ್‌ಗಿಂತ ಕಡಿಮೆ ತೋರಿಸಿದರೆ 100 ವ್ಯಾಟಿನ ಬಲ್ಬಿನ ಪಕ್ಕ ರಾತ್ರಿಯಿಡೀ ಒಣಗಿಸಿ, ಮತ್ತೆ ಅಳೆದು ಆಮೇಲೆ ಕರೆಂಟು ಕೊಡಿ.