ಅಡಿಕೆ ಫೋಟೊ ಎಲ್ಲಿ ಮಾರೋದು? ಅಡೋಬಿ ಸ್ಟಾಕ್, ಶಟರ್‌ಸ್ಟಾಕ್, ಅಲಾಮಿ

ಈ ಮೂರೂ ನಾವು ಹಾಕಿದ ಫೋಟೊ ಮಾರಿ ನಮಗೆ ಪಾಲು ಕೊಡುವ ವೆಬ್‌ಸೈಟುಗಳು. ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಅಡೋಬಿ ಸ್ಟಾಕ್‌ಗೆ. ಎರಡು ಅಡಿಕೆ ಸೀಸನ್‌ನ ಫೋಟೊಗಳನ್ನು ಮೂರೂ ಕಡೆ ಹಾಕಿ ನೋಡಿದ ಮೇಲಿನ ಮಾತು ಇದು. ನಾನು ಸಾಗರದ ಕಡೆಯವನು. ವಾರವಿಡೀ ನೌಕರಿ, ಭಾನುವಾರ ಕ್ಯಾಮೆರಾ. ಒಂದು ಸೆಕೆಂಡ್ ಹ್ಯಾಂಡ್ ಲೆನ್ಸ್‌ನ ದುಡ್ಡಾದರೂ ಹುಟ್ಟಲಿ ಅಂತ ಇದಕ್ಕೆ ಇಳಿದವನು.

ಕಮಿಷನ್ ವಿಷಯ, ಅಂದರೆ ಮಾರಿದ ಬೆಲೆಯಲ್ಲಿ ನಮಗೆ ಸಿಗುವ ಪಾಲು. ಅಡೋಬಿಯಲ್ಲಿ ಫೋಟೊಗೆ ಶೇ. 33, ನೀವು ಹತ್ತು ಮಾರಿ, ಹತ್ತು ಸಾವಿರ ಮಾರಿ. ಶಟರ್‌ಸ್ಟಾಕ್‌ನಲ್ಲಿ 2020ರಿಂದ ಮೆಟ್ಟಿಲ ಲೆಕ್ಕ: ಶೇ. 15ರಿಂದ ಶುರು, ಡೌನ್‌ಲೋಡ್ ಹೆಚ್ಚಿದಂತೆ ಏರಿ ಮೇಲೆ ಶೇ. 40. ಆದರೆ ಪ್ರತಿ ಜನವರಿ 1ಕ್ಕೆ ಎಲ್ಲರೂ ಮತ್ತೆ ಕೆಳಗಿನ ಮೆಟ್ಟಿಲಿಗೆ. ದಿನಾ ಅಪ್‌ಲೋಡ್ ಮಾಡುವವರು ಬೇಗ ಹತ್ತಿಬಿಡುತ್ತಾರೆ. ನನ್ನಂಥವನು ಮೊದಲ ನೂರು ಡೌನ್‌ಲೋಡ್ ದಾಟುವುದರೊಳಗೆ ಮುಂದಿನ ಅಡಿಕೆ ಕೊಯ್ಲು ಬಂದಿರುತ್ತದೆ. ಅಲಾಮಿಯಲ್ಲಿ ಸಾಮಾನ್ಯ ಪಾಲು ಶೇ. 40. ವರ್ಷದ ಮಾರಾಟ 250 ಡಾಲರ್ ಮುಟ್ಟದಿದ್ದರೆ ಶೇ. 20.

ಇಷ್ಟೆಲ್ಲ ಕೂಡಿ ಕಳೆದು ನೋಡಿದೆ, ಆದರೆ ನಾನು ಎಡವಿದ್ದು ಬೇರೆಲ್ಲೋ.

ನನ್ನ ಅತ್ಯುತ್ತಮ ಫೋಟೊದಲ್ಲಿ ದೊಡ್ಡಮ್ಮ ರಾತ್ರಿ ಬಲ್ಬಿನ ಬೆಳಕಲ್ಲಿ ಮೆಟ್ಟುಕತ್ತಿ ಮುಂದೆ ಕೂತು ಅಡಿಕೆ ಸುಲಿಯುತ್ತಿದ್ದಾರೆ. ಮುಖ ಗುರುತು ಸಿಗುತ್ತದೆ. ಜಾಹೀರಾತಿಗೂ ಬಳಸುವಂತೆ ಮಾರಬೇಕಾದರೆ ಮೂರು ಕಡೆಯೂ ಮಾಡೆಲ್ ರಿಲೀಸ್, ಅಂದರೆ ಫೋಟೊದಲ್ಲಿರುವವರು ಸಹಿ ಹಾಕಿದ ಒಪ್ಪಿಗೆ ಪತ್ರ ಬೇಕು. ಇಂಗ್ಲಿಷ್ ಫಾರಂ, ಜೊತೆಗೆ ಸಾಕ್ಷಿಯ ಸಹಿ. ಪ್ರಿಂಟ್ ತೆಗೆದುಕೊಂಡು ಹೋದೆ. ದೊಡ್ಡಮ್ಮ ಕಾಗದ ತಿರುಗಿಸಿ ನೋಡಿ, "ಎಂತದೋ ಇದು, ತೋಟ ಬರ್ಸ್ಕಳಕ್ಕೆ ಬಂದ್ಯಾ?" ಅಂದರು. ಸಾಕ್ಷಿ ಬೇಕೆಂದು ಪಕ್ಕದ ಮನೆಯವರನ್ನು ಕರೆದದ್ದು ಇನ್ನೂ ಕೆಟ್ಟಿತು, ಅನುಮಾನ ಗಟ್ಟಿಯಾಯಿತು. "ಫೋಟೊ ಎಲ್ಲಿ ಬೇಕಾರೂ ಹಾಕ್ಯ, ಸಹಿ ಕೇಳ್ಬೇಡ" ಅಂತ ಎದ್ದುಹೋದರು.

ಸರಿ, ಮುಖ ಬಿಟ್ಟು ಬರೀ ಕೈ ತೆಗೆದೆ. ಕೈ, ಕತ್ತಿ, ಹಸಿರಡಿಕೆ. ಚೆನ್ನಾಗಿ ಬಂತು. ಒಂದು ಕಡೆಯಿಂದ ತಿರಸ್ಕಾರ! ಯಾವ ಕಡೆ ಅನ್ನುವುದು ಬೇಡ. ಫೋಟೊ ದೊಡ್ಡದು ಮಾಡಿ ನೋಡಿದರೆ ದೊಡ್ಡಮ್ಮನ ಮುಂಗೈ ಮೇಲೆ ಹಚ್ಚೆ. ಹಚ್ಚೆಗೂ ಬರೆದುಕೊಡಬೇಕಂತೆ, ಅದು ಇನ್ನೊಬ್ಬರು ಬರೆದ ಚಿತ್ರ ಅನ್ನುವ ಲೆಕ್ಕದಲ್ಲಿ. ದೊಡ್ಡಮ್ಮ ಹುಡುಗಿಯಾಗಿದ್ದಾಗ ಜಾತ್ರೆಯಲ್ಲಿ ಹಚ್ಚೆ ಹಾಕಿದಾಕೆಯನ್ನು ಎಲ್ಲಿ ಹುಡುಕಲಿ? ಈಗ ಆಕೆ ರವಿಕೆ ತೋಳು ಇಳಿಸಿಕೊಂಡಾಗ, ಇಲ್ಲವೇ ಬೆರಳಷ್ಟೇ ಕಾಣುವಂತೆ ಕ್ಲಿಕ್ಕಿಸುತ್ತೇನೆ. ಅಡೋಬಿಯಲ್ಲಿ ನನಗೆ ಹೆಚ್ಚು ಮಾರಾಟವಾಗಿರುವುದು ಈ ಬೆರಳುಗಳೇ.

ಮುಖದ ಫೋಟೊ ಅಲಾಮಿಯಲ್ಲಿದೆ. ಸುದ್ದಿ, ಲೇಖನ, ಪುಸ್ತಕಕ್ಕೆ ಮಾತ್ರ ಎಂದು ಗುರುತು ಹಾಕಿದರೆ ಅಲ್ಲಿ ರಿಲೀಸ್ ಇಲ್ಲದೆಯೂ ನಡೆಯುತ್ತದೆ. ದಸರಾ, ಜಾತ್ರೆ, ಸಂತೆ ತೆಗೆಯುವವರು ಅಡೋಬಿ ಬಿಟ್ಟು ಅಲ್ಲಿಗೇ ಹೋಗಿ, ನನ್ನ ಮಾತು ಕೇಳಬೇಡಿ.

ಕೀವರ್ಡ್, ಅಂದರೆ ಫೋಟೊ ಹುಡುಕಲು ಸಿಗುವಂತೆ ಜೊತೆಗೆ ಬರೆಯುವ ಪದಗಳ ವಿಷಯದಲ್ಲಿ ಅಡೋಬಿ ಕೇಳುವುದು ಶಿಸ್ತು: 49ರವರೆಗೆ ಕೊಡಬಹುದು, ಮೊದಲ ಹತ್ತಕ್ಕೆ ತೂಕ ಜಾಸ್ತಿ. ಹಾಗಾಗಿ ಅಡಿಕೆಗೆ 'ಅರೆಕಾ ನಟ್' ಜೊತೆ 'ಬೀಟಲ್ ನಟ್' ಕೂಡ ಮುಂದೆಯೇ ಇಡಿ. ಬೀಟಲ್ ಅಂದರೆ ವೀಳ್ಯದೆಲೆ, ಅಡಿಕೆ ಅಲ್ಲ ಅಂತ ನಮಗೆ ಗೊತ್ತು. ಕೊಳ್ಳುವವರು ಹುಡುಕುವುದು ಹಾಗೆಯೇ, ಏನು ಮಾಡುವುದು. ಫೋಟೊ ತಿದ್ದುವ ಸಾಫ್ಟ್‌ವೇರ್ ಲೈಟ್‌ರೂಮ್‌ನಲ್ಲಿ ಒಮ್ಮೆ ಬರೆದರೆ ಫೈಲಿನೊಳಗೇ ಕೂರುತ್ತದೆ, ಮೂರೂ ಕಡೆ ಮತ್ತೆ ಟೈಪ್ ಮಾಡುವ ಕೆಲಸವಿಲ್ಲ.

ತೆರಿಗೆಗೆ ಡಬ್ಲ್ಯು-8ಬೆನ್ ಫಾರಂ (ಅಮೆರಿಕದವರಲ್ಲದವರು ಕೊಡುವ ಅಲ್ಲಿನ ತೆರಿಗೆ ಫಾರಂ) ತುಂಬಿ, ಪ್ಯಾನ್ ನಂಬರ್ ಕೊಡಿ. ಅಮೆರಿಕದ ಮಾರಾಟದ ರಾಯಲ್ಟಿಗೆ ಶೇ. 30ರ ಬದಲು ಶೇ. 15 ಹಿಡಿಯುತ್ತಾರೆ.

ದುಡ್ಡು ತೆಗೆಯಲು ಅಡೋಬಿಯಲ್ಲಿ 25 ಡಾಲರ್ ಸೇರಬೇಕು, ಅಲಾಮಿಯಲ್ಲಿ 50. ನನಗೆ ಮೊದಲ 25 ಸೇರಲು ಹನ್ನೊಂದು ತಿಂಗಳು ಹಿಡಿಯಿತು. ಲೆನ್ಸ್ ಇನ್ನೂ ಬಂದಿಲ್ಲ. ದೊಡ್ಡಮ್ಮ ಮಾತ್ರ ಹೋದಾಗಲೆಲ್ಲ ಕೇಳುತ್ತಾರೆ, "ನನ್ನ ಮಕ ಯಾರಾರೂ ತಗಂಡ್ರೇನೋ?"