ರಿಲೇ ಸೆಟ್ಟಿಂಗ್ ಸುಲಭ, ಮ್ಯಾನುಯಲ್ ಅರೆಬರೆ

ಗುಡ್ಡ ಅಡ್ಡ ಬಂದು ನೇರ ಸಿಗ್ನಲ್ ಸಿಗದ ಕಡೆಗೆ ಅಂತ ಈ ಡೇಟಾ ರೇಡಿಯೋ (ತಂತಿ ಇಲ್ಲದೆ ಯಂತ್ರಗಳ ನಡುವೆ ಮಾಹಿತಿ ಕಳಿಸುವ ಸಾಧನ) ತಗೊಂಡೆವು. ಸೆಟ್ಟಿಂಗ್ ನಿಜಕ್ಕೂ ಸುಲಭ. ಮಾಸ್ಟರ್ (ಮಾಹಿತಿ ಕೇಳುವುದು), ರಿಲೇ (ನಡುವೆ ನಿಂತು ದಾಟಿಸುವುದು), ರಿಮೋಟ್ (ದೂರದಲ್ಲಿದ್ದು ಉತ್ತರಿಸುವುದು) ಮೂರಕ್ಕೂ ಒಂದೇ ನೆಟ್‌ವರ್ಕ್ ಐಡಿ ಕೊಟ್ಟು, ನಡುವಿನದಕ್ಕೆ ರಿಲೇ ಮೋಡ್ ಆನ್ ಮಾಡಿ, ಯಾವ ವಿಳಾಸದ ಪ್ಯಾಕೆಟ್ (ಮಾಹಿತಿಯ ತುಣುಕು) ಮುಂದೆ ಕಳಿಸಬೇಕು ಅಂತ ಪಟ್ಟಿಯಲ್ಲಿ ತುಂಬಿದರೆ ಆಯ್ತು.

ಆದರೆ ಬಾಕ್ಸ್ ಮೇಲಿನ ವೇಗ ನಂಬಬೇಡಿ. ರಿಲೇಯಲ್ಲಿ ಇರುವುದು ಒಂದೇ ರೇಡಿಯೋ, ಒಂದೇ ಫ್ರೀಕ್ವೆನ್ಸಿ. ಕೇಳುವಾಗ ಮಾತಾಡಲು ಆಗುವುದಿಲ್ಲ, ಅಲ್ವಾ? ಪ್ರತಿ ಪ್ಯಾಕೆಟ್ಟೂ ಎರಡೆರಡು ಸಲ ಹೋಗಬೇಕು, ಹಾಗಾಗಿ ವೇಗ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಮಾಡ್‌ಬಸ್ (ಯಂತ್ರಗಳು ಪ್ರಶ್ನೆ-ಉತ್ತರದಲ್ಲಿ ಮಾತಾಡುವ ಪದ್ಧತಿ) ಓಡಿಸುವವರು ಟೈಮ್‌ಔಟ್ (ಉತ್ತರಕ್ಕೆ ಕಾಯುವ ಸಮಯ) ಜಾಸ್ತಿ ಇಡಲೇಬೇಕು, ಇಲ್ಲಾಂದ್ರೆ ಉತ್ತರ ಇನ್ನೂ ದಾರಿಯಲ್ಲಿರುವಾಗಲೇ ಮಾಸ್ಟರ್ ಮತ್ತೆ ಕೇಳಿ, ಎರಡೂ ಡಿಕ್ಕಿ ಹೊಡೆದು ಬರೀ ಗಲಾಟೆ. ಮ್ಯಾನುಯಲ್‌ನಲ್ಲಿ ಇದರ ಬಗ್ಗೆ ಒಂದು ಸಾಲೂ ಇಲ್ಲ!

ಇಷ್ಟವಾಗಿದ್ದು ಸಿಗ್ನಲ್ ಮೀಟರ್. ರಿಲೇಯ ಎರಡೂ ಕಡೆಯ ಲಿಂಕನ್ನು ಬೇರೆ ಬೇರೆಯಾಗಿ ಡಿಬಿಎಂನಲ್ಲಿ (ಸಿಗ್ನಲ್ ಬಲದ ಅಳತೆ) ತೋರಿಸುತ್ತದೆ. ರಿಸೀವರ್ ಹಿಡಿಯಬಲ್ಲ ಕನಿಷ್ಠ ಮಟ್ಟಕ್ಕಿಂತ 20 ಡಿಬಿಯಷ್ಟು ಮೇಲಿದ್ದರೆ ಸಿಗ್ನಲ್ ಸ್ವಲ್ಪ ಏರಿಳಿದರೂ ತೊಂದರೆ ಇಲ್ಲ. ಅಷ್ಟು ಸಿಗದಿದ್ದರೆ, ಸುಮ್ನೆ ಎರಡನೇ ರಿಲೇ ಕೊಳ್ಳುವ ಮುಂಚೆ ಆಂಟೆನಾ ಕಂಬ ಎತ್ತರಿಸಿ ನೋಡಿ.

ಐದಕ್ಕೆ ನಾಲ್ಕು ಸ್ಟಾರ್. ಒಂದು ಕಳೆದದ್ದು ಆ ಮ್ಯಾನುಯಲ್‌ಗೆ.